ಮದುವೆ ಮೇಳವೋ, ಚೌಕಿಪೇಟೆಯೋ? ಎರಡೂ ಸುತ್ತಿದ ಮೇಲೆ ಬರೆಯುತ್ತಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೇಟೆಗೆ. ಆಷಾಢದಲ್ಲಿ ದಾವಣಗೆರೆಯಲ್ಲೇ ನಡೆದ ಒಂದು ಮದುವೆ ಮೇಳಕ್ಕೆ, ಅಂದರೆ ಸೀರೆ, ಮೇಕಪ್, ಅಲಂಕಾರದವರೆಲ್ಲ ಒಂದೇ ಕಡೆ ಸ್ಟಾಲ್ ಹಾಕುವ ಕಡೆಗೆ, ಅವ್ವ ಮತ್ತು ಅತ್ತಿಗೆ ಜೊತೆ ಹೋಗಿದ್ದೆ. ಆಮೇಲೆ ಎರಡು ತಿಂಗಳು ಬಿಡುವಾದಾಗೆಲ್ಲ ಚೌಕಿಪೇಟೆ, ಮಂಡಿಪೇಟೆ ಸುತ್ತಿದೆ. ಒಂದು ಭಾನುವಾರ ರೇಷ್ಮೆ ಸೀರೆ ನೇಯುವ ಮೊಳಕಾಲ್ಮೂರಿಗೂ ಹೋಗಿ ಬಂದೆ. ಮೇಳದಲ್ಲಿ 5,000 ರೂಪಾಯಿ ಕಳೆದುಕೊಂಡಿದ್ದೇನೆ. ಮದುವೆ ಗೊತ್ತಾದ ಇನ್ನೊಬ್ಬ ಹುಡುಗಿಗೆ ಹಾಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ದುಡ್ಡು ಹೋಗಿದ್ದು ಮೇಕಪ್‌ಗೆ. ಮೇಳದ ಒಂದು ಸ್ಟಾಲ್‌ನಲ್ಲಿ ಮದುಮಗಳ ಮೇಕಪ್‌ಗೆ 18,000 ಅಂದರು, ಇವತ್ತೇ ಬುಕ್ ಮಾಡಿದರೆ 14,000. ಮುಂಗಡ 5,000. ನಮ್ಮ ಮನೆಯಲ್ಲಿ ಆಗಿನ್ನೂ ಒಪ್ಪಿಗೆ ಮಾತ್ರ ಆಗಿತ್ತು. ಮುಹೂರ್ತ ಇಟ್ಟಿರಲಿಲ್ಲ. ಮಾಘದಲ್ಲಿ ಮಾಡೋಣ ಅಂತ ಎರಡೂ ಕಡೆ ಹಿರಿಯರು ಮಾತಾಡಿಕೊಂಡಿದ್ದರು, ಅಷ್ಟೇ. ಅದನ್ನೇ ಹೇಳಿದೆ. "ತಿಂಗಳು ಹೇಳ್ರಿ ಸಾಕು, ತಾರೀಖು ಆಮೇಲೆ ತಿಳಿಸಿದ್ರಾಯ್ತು" ಅಂದರು. ರಸೀದಿಯಲ್ಲಿ ತಾರೀಖಿನ ಜಾಗದಲ್ಲಿ ಬರೀ "ಫೆಬ್ರವರಿ" ಅಂತ ಬರೆದರು. ಅವ್ವ ನನ್ನ ಕೈ ಒತ್ತಿದರು. 4,000 ಉಳಿಯುತ್ತಲ್ಲ ಅಂತ ನಾನು ಕೊಟ್ಟೇಬಿಟ್ಟೆ.

ಆಮೇಲೆ ಕಲ್ಯಾಣ ಮಂಟಪ ಹುಡುಕೋಕೆ ಹೊರಟೆವು. ಧನುರ್ಮಾಸದಲ್ಲಿ ಮದುವೆ ಮಾಡಲ್ಲ. ಸಂಕ್ರಾಂತಿ ಕಳೆದ ಮೇಲೆ ಎಲ್ಲರಿಗೂ ಅದೇ ನಾಲ್ಕೈದು ಒಳ್ಳೆ ಮುಹೂರ್ತ ಬೇಕು. ನಮಗೆ ಬೇಕಾದ ಮಂಟಪ ಖಾಲಿ ಇದ್ದದ್ದು ಒಂದೇ ದಿನ. ಅವತ್ತು ಆ ಮೇಕಪ್‌ನವರು ಬೇರೆ ಮದುವೆ ಒಪ್ಪಿಕೊಂಡಿದ್ದರು. ಮಂಟಪ, ಅಡುಗೆಯವರು, ಫೋಟೋದವರು, ಮೇಕಪ್‌ನವರು ಎಲ್ಲರನ್ನೂ ಊರಿನ ಅರ್ಧ ಜನ ಒಂದೇ ದಿನಕ್ಕೆ ಕರೆಯುತ್ತಾರೆ. ಇದು ನನಗೆ ಆಗ ಹೊಳೆಯಲೇ ಇಲ್ಲ.

ಮುಂಗಡ ವಾಪಸ್ ಕೇಳಿದೆ. ರಸೀದಿ ಹಿಂದೆ ನೋಡಿ ಅಂದರು. ಸಣ್ಣ ಅಕ್ಷರದಲ್ಲಿ "ಮುಂಗಡ ಹಿಂತಿರುಗಿಸಲಾಗುವುದಿಲ್ಲ" ಅಂತ ಇತ್ತು. ಆರು ತಿಂಗಳೊಳಗೆ ಬೇರೆ ಯಾವುದಾದರೂ ಫಂಕ್ಷನ್‌ಗೆ ಆ ದುಡ್ಡು ವಜಾ ಹಾಕಿಕೊಳ್ಳುತ್ತೇವೆ ಅಂದರು. ನಮ್ಮನೆಯಲ್ಲಿ ಇನ್ಯಾವ ಫಂಕ್ಷನ್ ಇದೆ? ಮೂರು ಸಲ ಫೋನ್ ಮಾಡಿದೆ, ನಾಲ್ಕನೇ ಸಲ ಎತ್ತಲಿಲ್ಲ. ಅಪ್ಪನಿಗೆ ಹೇಳೋಕೆ ಒಂದು ವಾರ ಬೇಕಾಯಿತು. ಅವರು ಬೈಯಲಿಲ್ಲ. ಅದೇ ನನಗೆ ಜಾಸ್ತಿ ನೋವಾಗಿದ್ದು.

ಈಗ ನಮ್ಮ ಬಡಾವಣೆಯ ಪಾರ್ಲರ್ ಅಕ್ಕನನ್ನೇ ಗೊತ್ತು ಮಾಡಿದ್ದೇವೆ. 12,000. ಮೊದಲು ಮನೆಗೇ ಬಂದು ನನ್ನ ಮುಖಕ್ಕೆ ಹಚ್ಚಿ, ಅಂಗಳದ ಬಿಸಿಲಲ್ಲಿ ಅರ್ಧ ಗಂಟೆ ಕೂರಿಸಿ ನೋಡಿದರು. ಮೇಳದಲ್ಲಿ ನಾನು ನೋಡಿದ್ದು ಎ.ಸಿ. ಹಾಲ್‌ನಲ್ಲಿ ಬೇರೆ ಯಾರದೋ ಮುಖದ ಮೇಲಿನ ಮೇಕಪ್.

ಸೀರೆಯದ್ದೂ ಹಾಗೇ. ಮೇಳದಲ್ಲಿ ಒಂದು ಕುಂಕುಮ ಬಣ್ಣದ ರೇಷ್ಮೆ ಸೀರೆ ತುಂಬಾ ಇಷ್ಟವಾಗಿತ್ತು. ಡಿಸ್ಕೌಂಟ್ ಕಳೆದು 24,000. ಅತ್ತಿಗೆ ಅದನ್ನು ಬಾಗಿಲ ಹತ್ತಿರ ಒಯ್ದು ನೋಡೋಣ ಅಂದರೆ ಸ್ಟಾಲ್‌ನವರು ಬಿಡಲಿಲ್ಲ. ಚೌಕಿಪೇಟೆಯ ಅಂಗಡಿಯಲ್ಲಿ ನಾವು ಕೇಳುವ ಮೊದಲೇ ಯಜಮಾನರು ಗಾದಿಯಿಂದ ಎದ್ದು, ಸೆರಗು ಬಿಚ್ಚಿ, ಹೊರಗಿನ ಬೆಳಕಿಗೆ ಹಿಡಿದರು. "ನೋಡವ್ವಾ, ಬಿಸಿಲಿಗೆ ನೋಡು. ಲೈಟಲ್ಲಿ ಎಲ್ಲಾ ಚಂದಾನೇ ಕಾಣ್ತಾವೆ." ಸೆರಗಿನ ತುದಿಯಲ್ಲಿ ಬಿಟ್ಟಿದ್ದ ಎಳೆಯೊಂದನ್ನು ಕಿತ್ತು ಕಡ್ಡಿ ಗೀರಿದರು. ಕೂದಲು ಸುಟ್ಟ ವಾಸನೆ ಬಂತು. ಬೆರಳಲ್ಲಿ ತಿಕ್ಕಿದರೆ ಕಪ್ಪು ಪುಡಿ. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಮಣಿ ಥರ ಆಗುತ್ತದಂತೆ. ಅಪ್ಪಟ ರೇಷ್ಮೆ ಅಂತ ಹೇಳುವ ಸಿಲ್ಕ್ ಮಾರ್ಕ್ ಚೀಟಿ ಇದ್ದೇ ಇತ್ತು, ಆದರೂ ಮಾಡಿ ತೋರಿಸಿದರು. ಬೀಗರಿಗೆ, ಸೋದರತ್ತೆಯರಿಗೆ ಕೊಡುವ ಸೀರೆಗಳನ್ನೆಲ್ಲ ಅಲ್ಲೇ ತಗೊಂಡೆವು.

ಧಾರೆ ಸೀರೆ ಮಾತ್ರ ಮೊಳಕಾಲ್ಮೂರಿನದು. ಚಿತ್ರದುರ್ಗ, ಚಳ್ಳಕೆರೆ ದಾಟಿ ಹೋಗಬೇಕು. ಬೆಳಿಗ್ಗೆ ಆರಕ್ಕೆ ಹೊರಟರೆ ರಾತ್ರಿಯೊಳಗೆ ವಾಪಸ್ ಬರಬಹುದು. ನೇಯುವವರ ಮನೆಯಲ್ಲಿ ಮಗ್ಗದ ಮೇಲೆ ಅರ್ಧ ಆಗಿದ್ದ ಸೀರೆ ತೋರಿಸಿದರು. ಮೈ ಹಸಿರು, ಅಂಚು ಕೆಂಪು. ಹಿಂಬದಿ ತಿರುವಿ ನೋಡಿದೆ, ಬುಟ್ಟಾದ ಎಳೆಗಳನ್ನು ಒಂದೊಂದಾಗಿ ಕತ್ತರಿಸಿದ್ದರು. ಆ ಸೀರೆಯೇ ಬೇಕು ಅಂದೆ. ಮೂರು ವಾರ ಬಿಟ್ಟು ಬಂತು, 16,500.

ಬಂಗಾರಕ್ಕೆ ಮೇಳದ ಕಡೆ ತಲೆ ಹಾಕಲೇಬೇಡಿ. ನಿಮ್ಮ ಮನೆಯವರು ವರ್ಷಗಟ್ಟಲೆ ವ್ಯವಹಾರ ಮಾಡಿದ ಅಂಗಡಿಗೇ ಹೋಗಿ. ಅಲ್ಲೂ ಒಡವೆಯ ಮೇಲೆ ಹಾಲ್‌ಮಾರ್ಕ್ ಜೊತೆ ಇರುವ, ಆ ಒಡವೆಗೇ ಅಂತ ಕೊಟ್ಟ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಗುರುತನ್ನು ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. 2023ರ ಏಪ್ರಿಲ್‌ನಿಂದ ಆ ಗುರುತು ಕಡ್ಡಾಯ.

ಮೇಳದಿಂದ ಒಂದು ಉಪಯೋಗ ಆಗಿದ್ದು ನಿಜ. ಮಂಟಪದ ಹೂವಿನ ಅಲಂಕಾರಕ್ಕೆ ಐದು ಜನರ ರೇಟು ಒಂದೇ ಗಂಟೆಯಲ್ಲಿ ಗೊತ್ತಾಯಿತು. ಪೇಟೆಯಲ್ಲಿ ಅಷ್ಟು ಕೇಳೋಕೆ ಎರಡು ದಿನ ಓಡಾಡಬೇಕು. ಬಾಗಿಲಲ್ಲಿ ಲಕ್ಕಿ ಡ್ರಾ ಚೀಟಿಗೆ ನಂಬರ್ ಬರೆದುಕೊಟ್ಟಿದ್ದಕ್ಕೆ ಇವತ್ತಿಗೂ ಫೋನ್ ಬರುತ್ತಿವೆ, ಅದೂ ಇದೆ.

ಸಾಮಾನ್ಯವಾಗಿ ನಾನು ಒಂದು ರಾತ್ರಿ ಯೋಚನೆ ಮಾಡದೆ ಏನೂ ಕೊಳ್ಳುವವಳಲ್ಲ. ಅವ್ವನನ್ನು ಕೇಳಬೇಕು, ಮಾರನೇ ದಿನ ಮತ್ತೆ ಹೋಗಿ ನೋಡಬೇಕು, ಮಧ್ಯೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಲೆಕ್ಕ ಹಾಕಬೇಕು. ಜವಳಿಗೆ ಅಂತ ನಾವು ಎತ್ತಿಟ್ಟಿದ್ದು 1,20,000. ನನ್ನಂಥವರಿಗೆ ಪೇಟೆಯೇ ಸರಿ. ಬೆಂಗಳೂರಲ್ಲಿ ಕೆಲಸ, ಊರಿಗೆ ಬರೋದು ಒಂದೇ ಭಾನುವಾರ ಅನ್ನುವವರು ಮೇಳಕ್ಕೆ ಹೋಗಿ. ಆದರೆ ಮಂಟಪ ಗೊತ್ತಾದ ಮೇಲೆ ಹೋಗಿ, ರೇಟು ಬರೆದುಕೊಂಡು ಬನ್ನಿ. ಮುಂಗಡ ಕೊಡಲೇಬೇಕು ಅನಿಸಿದರೆ ರಸೀದಿಯಲ್ಲಿ ತಾರೀಖು ಬರೆಸಿ, ಹಿಂಬದಿ ಓದಿ.

ನಮ್ಮ ಜವಳಿ ಇನ್ನೂ ಮುಗಿದಿಲ್ಲ. ಅತ್ತಿಗೆಗೆ ನನ್ನ ಧಾರೆ ಸೀರೆ ನೋಡಿದಾಗಿನಿಂದ ಅಂಥದ್ದೇ ಬೇಕಂತೆ. ಬರುವ ಭಾನುವಾರ ಮತ್ತೆ ಮೊಳಕಾಲ್ಮೂರಿಗೆ ಹೊರಟಿದ್ದೇವೆ, ಈ ಸಲ ಅಪ್ಪನೂ ಬರುತ್ತಾರೆ.