ಲೂಪ್ ಹ್ಯಾಬಿಟ್ ಟ್ರ್ಯಾಕರ್: ಒಂದು ದಿನ ತಪ್ಪಿದ್ದಕ್ಕೆ ಸೊನ್ನೆಗೆ ಇಳಿಸದ ಆ್ಯಪ್

ಅಭ್ಯಾಸ ಬೆಳೆಸಿಕೊಳ್ಳಲು ಸಿಗುವ ಆ್ಯಪ್‌ಗಳಲ್ಲಿ ಬಹುಪಾಲು 'ಸ್ಟ್ರೀಕ್' ಲೆಕ್ಕವನ್ನೇ ನೆಚ್ಚಿಕೊಂಡಿವೆ. ಸತತ ನಲವತ್ತು ದಿನ ಮಾಡಿ, ಮರುದಿನ ಜ್ವರ ಬಂದು ಬಿಟ್ಟುಹೋದರೆ ಲೆಕ್ಕ ಮತ್ತೆ ಮೊದಲಿಂದ. ಅಭ್ಯಾಸವೂ ಆ್ಯಪೂ ಒಟ್ಟಿಗೇ ಮೂಲೆ ಸೇರುವುದು ಸಾಮಾನ್ಯವಾಗಿ ಅಲ್ಲೇ. ಲೂಪ್ ಹ್ಯಾಬಿಟ್ ಟ್ರ್ಯಾಕರ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ಅದೊಂದೇ ಕಾರಣಕ್ಕೂ ಇದನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು. ಆದರೆ ಯಾವುದು ಮುಖ್ಯ, ಯಾವುದು ಆಮೇಲೆ ಎಂಬ ತೀರ್ಮಾನವನ್ನು ಅದು ಪೂರ್ತಿ ನಮಗೇ ಬಿಟ್ಟಿದೆ. ಆ ತೀರ್ಮಾನ ಮಾಡದೆ ಶುರು ಮಾಡಿದರೆ ಇದೂ ಬರೀ ಟಿಕ್ ಹಾಕುವ ಪಟ್ಟಿಯಾಗಿ ಉಳಿಯುತ್ತದೆ.

ಇದು ಆಂಡ್ರಾಯ್ಡ್‌ಗೆ ಮಾತ್ರ ಇರುವ ಆ್ಯಪ್. ಉಚಿತ, ಓಪನ್ ಸೋರ್ಸ್, ಜಾಹೀರಾತಿಲ್ಲ, ಖಾತೆ ತೆರೆಯುವ ಗೋಜಿಲ್ಲ. ಪ್ಲೇ ಸ್ಟೋರ್‌ನಲ್ಲೂ, ಓಪನ್ ಸೋರ್ಸ್ ಆ್ಯಪ್‌ಗಳ ಸಂಗ್ರಹವಾದ ಎಫ್-ಡ್ರಾಯ್ಡ್‌ನಲ್ಲೂ ಸಿಗುತ್ತದೆ. ಮಾಹಿತಿಯೆಲ್ಲ ಫೋನಿನಲ್ಲೇ ಇರುತ್ತದೆ.

ಇದರ ಜೀವಾಳ ಅಂಕದ ಲೆಕ್ಕ. ಪ್ರತಿ ಅಭ್ಯಾಸಕ್ಕೂ ಶೇ. 0ರಿಂದ 100ರವರೆಗೆ ಒಂದು ಅಂಕವಿದೆ. ದಿನಾ ಮಾಡುವ ಅಭ್ಯಾಸವಾದರೆ ಒಂದು ದಿನವೂ ತಪ್ಪದೆ 13 ದಿನ ಮಾಡಿದಾಗ ಅಂಕ ಶೇ. 50 ಮುಟ್ಟುತ್ತದೆ, ಇನ್ನೊಂದು 13 ದಿನಕ್ಕೆ 75. ತಿಂಗಳಿಗೆ ಸುಮಾರು 80, ಎರಡು ತಿಂಗಳಿಗೆ 96, ಮೂರು ತಿಂಗಳಿಗೆ 99. ಮೊದಲು ಬೇಗ ಏರಿ ಆಮೇಲೆ ನಿಧಾನವಾಗುತ್ತದೆ. ಇನ್ನು ಶೇ. 80ರಲ್ಲಿರುವಾಗ ಒಂದು ದಿನ ಬಿಟ್ಟರೆ ಇಳಿಯುವುದು ಸುಮಾರು ನಾಲ್ಕು ಅಂಕ ಅಷ್ಟೇ. ಆದರೆ ಹದಿಮೂರು ದಿನ ಸತತವಾಗಿ ಬಿಟ್ಟರೆ ಅಂಕ ಅರ್ಧಕ್ಕೆ ಇಳಿದು 40ಕ್ಕೆ ಬರುತ್ತದೆ. ಒಂದು ದಿನದ ತಪ್ಪಿಗೂ ಎರಡು ವಾರದ ಉದಾಸೀನಕ್ಕೂ ಇರುವ ಅಂತರ ಕಣ್ಣಿಗೆ ಕಾಣುವುದು ಹೀಗೆ.

ಇದು ಸುಮ್ಮನೆ ಸಮಾಧಾನ ಹೇಳುವ ಲೆಕ್ಕವಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ ಮಾಡಿದ ಅಧ್ಯಯನದಲ್ಲಿ ಒಂದು ಕೆಲಸ ತಾನಾಗಿಯೇ ನಡೆಯುವಂತಾಗಲು ಬೇಕಾದ ಕಾಲದ ಮಧ್ಯಾಂಕ 66 ದಿನ ಬಂತು. ವ್ಯಾಪ್ತಿ 18ರಿಂದ 254 ದಿನ. ನಡುವೆ ಒಂದು ಸಲ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆ ಆಗಲಿಲ್ಲ. 21 ದಿನದಲ್ಲಿ ಅಭ್ಯಾಸ ಕೂಡಿಬರುತ್ತದೆ ಎಂಬ ಮಾತನ್ನು ನಂಬಿ 22ನೇ ದಿನ ನಿರಾಶರಾಗುವವರಿಗೆ ತಿಂಗಳುಗಟ್ಟಲೆ ಏರುತ್ತ ಹೋಗುವ ಲೂಪ್‌ನ ಅಂಕದ ಗೆರೆ ವಾಸ್ತವಕ್ಕೆ ಹೆಚ್ಚು ಹತ್ತಿರ.

ಹೊಸ ಅಭ್ಯಾಸ ಸೇರಿಸುವಾಗ ಎರಡು ಬಗೆ ಕೇಳುತ್ತದೆ: ಹೌದು-ಇಲ್ಲ ಬಗೆಯದು, ಅಳೆಯುವ ಬಗೆಯದು. ಓದು, ನಡಿಗೆ, ನೀರು ಕುಡಿಯುವುದು ಮುಂತಾದವಕ್ಕೆ ಎರಡನೆಯದೇ ವಾಸಿ. ಗುರಿ 30 ನಿಮಿಷ ಇಟ್ಟು 20 ನಿಮಿಷ ಓದಿದರೆ ಅಂದಿನ ಪಾಲಿನ ಮೂರರಲ್ಲಿ ಎರಡು ಭಾಗ ಅಂಕಕ್ಕೆ ಸೇರುತ್ತದೆ. ಹೌದು-ಇಲ್ಲ ಬಗೆಯಲ್ಲಿ ಇಟ್ಟರೆ ಅದೇ 20 ನಿಮಿಷ ಸೊನ್ನೆಯೆಂದೇ ಲೆಕ್ಕ. ವಾರಕ್ಕೆ ಮೂರು ಸಲ, ತಿಂಗಳಿಗೆ ಇಷ್ಟು ಸಲ ಎಂದೂ ಹೊಂದಿಸಬಹುದು. ಆಗ ಅಂಕ ಏರುವುದು ಇನ್ನೂ ನಿಧಾನ: ವಾರಕ್ಕೆ ಮೂರು ಸಲದ ಅಭ್ಯಾಸ ಅರ್ಧ ಮುಟ್ಟಲು ಸುಮಾರು 20 ದಿನ. ದಿನಾ ಮಾಡುವ ಅಭ್ಯಾಸದ ಗೆರೆಯನ್ನೂ ಇದರ ಗೆರೆಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು.

ಹೆಚ್ಚಿನವರು ಖಾಲಿ ಬಿಡುವ ಜಾಗವೊಂದಿದೆ: 'ಪ್ರಶ್ನೆ'. ಜ್ಞಾಪನೆ ಬಂದಾಗ ಪರದೆಯ ಮೇಲೆ ಮೂಡುವುದು ಈ ಸಾಲೇ. 'ಇಂದು ವ್ಯಾಯಾಮ ಮಾಡಿದೆಯಾ?' ಎಂದು ಬರೆದರೆ ಉಪಯೋಗ ಕಡಿಮೆ. 'ಹಲ್ಲುಜ್ಜಿದ ಕೂಡಲೇ ಚಾಪೆ ಹಾಸಿ ಹತ್ತು ನಿಮಿಷ ವ್ಯಾಯಾಮ ಮಾಡಿದೆಯಾ?' ಎಂದು ಬರೆಯಿರಿ. ಯಾವಾಗ, ಎಲ್ಲಿ, ಯಾವುದರ ಬೆನ್ನಿಗೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡವರು ಕೆಲಸ ಮುಗಿಸುವುದು ಹೆಚ್ಚು ಎಂದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದಲೂ ತೋರಿಸುತ್ತ ಬಂದಿದ್ದಾರೆ. ಈ ಪುಟ್ಟ ಖಾನೆ ಆ ಮಾತಿಗೆಂದೇ ಮಾಡಿಟ್ಟಂತಿದೆ.

ಇನ್ನು ಆದ್ಯತೆಯ ಮಾತು. ಲೂಪ್‌ನಲ್ಲಿ ಅದಕ್ಕೊಂದು ಪ್ರತ್ಯೇಕ ಸೌಲಭ್ಯವಿಲ್ಲ, ವಿಭಾಗಗಳೂ ಇಲ್ಲ. ಇರುವುದು ಬಣ್ಣ ಮತ್ತು ಪಟ್ಟಿಯ ಕ್ರಮ. ಕ್ರಮವನ್ನು ಕೈಯಿಂದಲೇ ಹೊಂದಿಸುವ ಆಯ್ಕೆಗೆ ಬದಲಿಸಿ, ಪಟ್ಟಿಯ ಅಭ್ಯಾಸಗಳಲ್ಲಿ ಯಾವುದನ್ನು ಇಂದು ಬಿಟ್ಟರೆ ಅತಿ ಹೆಚ್ಚು ಹೊಡೆತ ಬೀಳುತ್ತದೋ ಅದನ್ನು ಮೇಲಿಡಿ. ಮುಖ್ಯವಾದವಕ್ಕೆಲ್ಲ ಒಂದೇ ಬಣ್ಣ, ಉಳಿದವಕ್ಕೆ ಇನ್ನೊಂದು. ಎರಡಕ್ಕಿಂತ ಹೆಚ್ಚು ಬಣ್ಣ ಬಳಸಿದರೆ ಯಾವ ಬಣ್ಣ ಯಾವುದಕ್ಕೆ ಎಂದೇ ಮರೆತುಹೋಗುತ್ತದೆ. ಅಂಕದ ಪ್ರಕಾರ ಜೋಡಿಸುವ ಆಯ್ಕೆಯೂ ಇದೆ, ಆದರೆ ಅದನ್ನು ಬಳಸಬೇಡಿ. ಸುಲಭವಾದ ಅಭ್ಯಾಸಕ್ಕೆ ಅಂಕ ಬೇಗ ಬರುತ್ತದೆ, ಹಾಗಾಗಿ ಮುಖ್ಯವಾದದ್ದು ಮೇಲೆಯೇ ಉಳಿಯುತ್ತದೆ ಎನ್ನುವ ಖಾತ್ರಿಯಿಲ್ಲ.

ಅದಕ್ಕಿಂತ ಒಳ್ಳೆಯ ಉಪಾಯವೆಂದರೆ ಆದ್ಯತೆ ಗೊತ್ತುಮಾಡುವುದನ್ನೇ ಒಂದು ಅಭ್ಯಾಸವಾಗಿ ಸೇರಿಸುವುದು. ಸಂಜೆ ಕೆಲಸ ಮುಗಿಸಿ ಏಳುವ ಮುಂಚೆ, ನಾಳೆ ಆಗಲೇಬೇಕಾದ ಮೂರು ಕೆಲಸಗಳನ್ನು ಕಾಗದದಲ್ಲಿ ಬರೆದು, ಮೊದಲನೆಯದರ ಎದುರು ಗಂಟೆ ನಮೂದಿಸುವುದು. ಐದು ನಿಮಿಷದ ಕೆಲಸ. ಸಂಜೆಯೇ ಏಕೆಂದರೆ, ಬೆಳಿಗ್ಗೆ ಬಂದು ಕುಳಿತಾಗ ಇನ್ನೊಬ್ಬರ ಇಮೇಲ್ ಮತ್ತು ಕರೆಗಳೇ ನಮ್ಮ ದಿನವನ್ನು ನಿರ್ಧರಿಸಿಬಿಟ್ಟಿರುತ್ತವೆ. ಕೆಲಸಗಳ ಪಟ್ಟಿಯನ್ನು ಲೂಪ್ ಒಳಗೆ ತುರುಕಬೇಡಿ. ನಾಳೆ ಮುಗಿದುಹೋಗುವ ಕೆಲಸಕ್ಕೆ ಅಂಕದ ಅಗತ್ಯವಿಲ್ಲ.

ಎಡವುವುದು ಎಲ್ಲಿ ಎಂದರೆ, ಮೊದಲ ದಿನವೇ ಹನ್ನೆರಡು ಅಭ್ಯಾಸ ಸೇರಿಸುವಲ್ಲಿ. ಮೂರರಿಂದ ಶುರು ಮಾಡಿ, ಒಂದು ಶೇ. 80 ದಾಟಿದ ಮೇಲೆ ಮಾತ್ರ ಇನ್ನೊಂದು. ಬೇಡವಾದದ್ದನ್ನು ಅಳಿಸದೆ ಆರ್ಕೈವ್ ಮಾಡಿದರೆ ದಾಖಲೆ ಉಳಿಯುತ್ತದೆ. ಎರಡನೆಯ ತೊಂದರೆ, ಹೊತ್ತಿಗೆ ಸರಿಯಾಗಿ ಬಾರದ ಜ್ಞಾಪನೆ. ಇದಕ್ಕೆ ಸಾಮಾನ್ಯ ಕಾರಣ, ಬ್ಯಾಟರಿ ಉಳಿಸಲು ಫೋನು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸಿಬಿಡುವುದು. ಸೆಟ್ಟಿಂಗ್ಸ್‌ನ ಬ್ಯಾಟರಿ ಭಾಗಕ್ಕೆ ಹೋಗಿ ಲೂಪ್‌ಗೆ ನಿರ್ಬಂಧ ತೆಗೆಯಿರಿ.

ಆ್ಯಪಿನ ಒಳಗೂ ಶುರುವಿನಲ್ಲೇ ನೋಡಬೇಕಾದ ಕೆಲವು ಸೆಟ್ಟಿಂಗ್‌ಗಳಿವೆ. ಪ್ರಯಾಣ, ಕಾಯಿಲೆಯಂಥ ದಿನಗಳಿಗೆ 'ಸ್ಕಿಪ್' ಸೌಲಭ್ಯವನ್ನು ಚಾಲೂ ಮಾಡಿಕೊಳ್ಳಿ. ಸ್ಕಿಪ್ ಮಾಡಿದ ದಿನ ಅಂಕ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮನಸ್ಸಿಲ್ಲದ ದಿನಕ್ಕೆಲ್ಲ ಅದನ್ನು ಒತ್ತಿದರೆ ಮಾತ್ರ ಅಂಕಕ್ಕೆ ಅರ್ಥವೇ ಉಳಿಯದು. ಗುರುತು ಹಾಕಲು ಮರೆತ ದಿನವನ್ನು ಪ್ರಶ್ನಾರ್ಥಕ ಚಿಹ್ನೆಯಿಂದ ಬೇರೆಯಾಗಿ ತೋರಿಸುವ ಆಯ್ಕೆಯನ್ನೂ ಆರಿಸಿ. ಇಲ್ಲದಿದ್ದರೆ ಮರೆತದ್ದೂ ಮಾಡದ್ದೂ ನೋಡಲು ಒಂದೇ. ರಾತ್ರಿ ತಡವಾಗಿ ಮಲಗುವವರು ಹೊಸ ದಿನ ಬೆಳಗಿನ ಜಾವ 3 ಗಂಟೆಗೆ ಶುರುವಾಗುವಂತೆ ಮಾಡಿಕೊಳ್ಳಬಹುದು.

ಚಾರ್ಟ್‌ಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ವಾರದ ದಿನಗಳನ್ನು ಚುಕ್ಕಿಗಳಲ್ಲಿ ತೋರಿಸುವ ಚಾರ್ಟ್. ಹೆಚ್ಚು ಸಲ ಮಾಡಿದ ದಿನಕ್ಕೆ ದೊಡ್ಡ ಚುಕ್ಕಿ, ಕಡಿಮೆ ಮಾಡಿದ ದಿನಕ್ಕೆ ಚಿಕ್ಕದು. ತಿಂಗಳಿಗೊಮ್ಮೆ ಇದನ್ನು ನೋಡಿ. ಗುರುವಾರದ ಸಾಲಿನ ಚುಕ್ಕಿಗಳು ಉದ್ದಕ್ಕೂ ಸಣ್ಣಗಿವೆಯೆಂದರೆ ಮನಸ್ಸನ್ನು ದೂರುವ ಮೊದಲು ಆ ದಿನದ ವೇಳಾಪಟ್ಟಿ ನೋಡಬೇಕು. ಸಂಜೆಯ ಮೀಟಿಂಗ್ ಅಭ್ಯಾಸದ ಹೊತ್ತನ್ನು ನುಂಗುತ್ತಿರಬಹುದು. ಅಭ್ಯಾಸವನ್ನು ಬೆಳಿಗ್ಗೆಗೆ ತಳ್ಳಿದರೆ ಸರಿಹೋಗುವ ಸಮಸ್ಯೆ ಅದು.

ಐಫೋನ್ ಬಳಸುವವರಿಗೂ, ಫೋನು ಮತ್ತು ಕಂಪ್ಯೂಟರ್ ಎರಡರಲ್ಲೂ ಒಂದೇ ದಾಖಲೆ ತಾನಾಗಿ ಕಾಣಬೇಕು ಎನ್ನುವವರಿಗೂ ಇದು ಆಗಿಬರುವುದಿಲ್ಲ. ಕ್ಲೌಡ್ ಸಿಂಕ್ ಇಲ್ಲವಾದ್ದರಿಂದ ಫೋನು ಕಳೆದರೆ ದಾಖಲೆಯೂ ಹೋದಂತೆ. ಸೆಟ್ಟಿಂಗ್ಸ್‌ನಲ್ಲಿ ಪೂರ್ಣ ಬ್ಯಾಕಪ್ ತೆಗೆಯುವ ಆಯ್ಕೆ ಇದೆ. ತಿಂಗಳಿಗೊಂದು ಸಲ ಆ ಫೈಲ್ ತೆಗೆದು ಫೋನಿನ ಹೊರಗೆ ಎಲ್ಲಾದರೂ ಇಡಿ. ಹೊಸ ಫೋನಿನಲ್ಲಿ ಅದನ್ನು ಇಂಪೋರ್ಟ್ ಮಾಡಿದರೆ ಹಳೆಯ ಗುರುತುಗಳೆಲ್ಲ ಇದ್ದಂತೆಯೇ ಬರುತ್ತವೆ. ಸಿಎಸ್‌ವಿ ರೂಪದಲ್ಲಿ ತೆಗೆದದ್ದು ಸ್ಪ್ರೆಡ್‌ಶೀಟ್‌ನಲ್ಲಿ ಲೆಕ್ಕ ನೋಡಲಿಕ್ಕೆ. ಮರುಸ್ಥಾಪನೆಗೆ ಬೇಕಾದದ್ದು ಪೂರ್ಣ ಬ್ಯಾಕಪ್ ಫೈಲೇ.