ಲಾಕ್‌ಟೈಟ್ 660: ಸವೆದ ಕ್ರ್ಯಾಂಕ್‌ನ ಕೀ ತೋಡನ್ನು ಇದು ಎಷ್ಟರಮಟ್ಟಿಗೆ ಉಳಿಸುತ್ತದೆ?

ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ದಂಡ) ಮತ್ತು ಅದರ ಪುಲ್ಲಿಯ ತೋಡುಗಳಲ್ಲಿ ಕೂರುವ ಕೀ ಎಂಬ ಸಣ್ಣ ಲೋಹದ ತುಂಡು ಮುರಿದ ಹಳೆಯ ಕಾರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡೇ: ಹೊಸ ಕೀ ತೂರಿಸಿ ಬೋಲ್ಟ್ ಬಿಗಿದು ಓಡಿಸಿ, ಇಲ್ಲವೇ ಇಂಜಿನ್ನೇ ಬದಲಿಸಿ. ಮೊದಲನೆಯದು ಕೆಲವೇ ದಿನ ಬಾಳುತ್ತದೆ. ಎರಡನೆಯದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಇವೆರಡರ ನಡುವಿನ ದಾರಿ ಲಾಕ್‌ಟೈಟ್ 660. ಬೂದು ಬೆಳ್ಳಿ ಬಣ್ಣದ ಗಟ್ಟಿ ಪೇಸ್ಟ್ ಇದು, ಕ್ವಿಕ್ ಮೆಟಲ್ ಎಂಬ ಹೆಸರಿನಲ್ಲೂ ಸಿಗುತ್ತದೆ. ಮಾಜ್ದಾ ಮಿಯಾಟಾ ಕಾರಿನ ಮೊದಲ ವರ್ಷಗಳ 1.6 ಲೀಟರ್ ಇಂಜಿನ್ನುಗಳಲ್ಲಿ, ಅಂದರೆ 1991ರ ಆರಂಭದವರೆಗಿನ ಮೂಗು (ಪುಲ್ಲಿ ಕೂರುವ ಮುಂತುದಿ) ಗಿಡ್ಡವಾಗಿರುವ ಕ್ರ್ಯಾಂಕ್‌ಗಳಲ್ಲಿ, ಈ ತೊಂದರೆ ಎಷ್ಟು ಸಾಮಾನ್ಯವೆಂದರೆ ಈ ರಿಪೇರಿಗೆ 'ಲಾಕ್‌ಟೈಟ್ ಫಿಕ್ಸ್' ಎಂಬ ಹೆಸರೇ ನಿಂತಿದೆ. ಪುಲ್ಲಿಯ ನಡುಭಾಗದಲ್ಲಿ ನಾಲ್ಕು ಸೀಳು ಕಂಡರೆ ಗಿಡ್ಡ ಮೂಗು, ಎಂಟಿದ್ದರೆ ಉದ್ದ ಮೂಗು.

ಪೇಸ್ಟಿನ ಗುಣ ಹೇಳುವ ಮೊದಲು ಕೀ ಏಕೆ ಮುರಿಯುತ್ತದೆ ಎಂಬುದು ಸ್ಪಷ್ಟವಾಗಬೇಕು. ಪುಲ್ಲಿಯನ್ನೂ ಟೈಮಿಂಗ್ ಗಿಯರನ್ನೂ ತಿರುಗಿಸುವ ಬಲವನ್ನು ಹೊರುವುದು ಕೀ ಅಲ್ಲ, ನಡುವಿನ ಬೋಲ್ಟ್. ಅದು ಒತ್ತಿ ಹಿಡಿದಾಗ ಮುಖಕ್ಕೆ ಮುಖ ಕೂತು ಹುಟ್ಟುವ ಘರ್ಷಣೆಯೇ ಇಡೀ ಭಾರ ಹೊರುತ್ತದೆ. ಕೀ ಕೆಲಸ ಜಾಗ ತೋರಿಸುವುದಷ್ಟೇ. ಬೋಲ್ಟ್ ಸಡಿಲವಾದ ಕ್ಷಣದಿಂದ ಪ್ರತಿ ಸಿಲಿಂಡರ್ ಉರಿದಾಗಲೂ ಪುಲ್ಲಿ ಹಿಂದೆ ಮುಂದೆ ಕುಟ್ಟುತ್ತದೆ. ಆ ಪೆಟ್ಟು ಕೀಗೆ ಬೀಳುತ್ತದೆ, ಕೀಯಿಂದ ಕ್ರ್ಯಾಂಕಿನ ತೋಡಿಗೆ, ತೋಡಿನ ಗೋಡೆ ಸವೆಯುತ್ತದೆ. ಬೋಲ್ಟಿನ ಸುತ್ತ ಕುಂಕುಮದಂಥ ನಯವಾದ ಕೆಂಪು ಪುಡಿ ಕಂಡರೆ ಈ ಕುಟ್ಟಾಟ ಆಗಲೇ ಶುರುವಾಗಿದೆ ಎಂದು ತಿಳಿಯಿರಿ. ಆದ್ದರಿಂದ ಪೇಸ್ಟನ್ನಷ್ಟೇ ನಂಬಿ ಬೋಲ್ಟನ್ನು ಮರೆತರೆ ಈ ಟ್ಯೂಬ್ ನಿಷ್ಪ್ರಯೋಜಕ.

ರೋಗ ಪತ್ತೆಯಲ್ಲೂ ಒಂದು ಮೋಸವಿದೆ. ಶಕ್ತಿ ಕುಂದುತ್ತದೆ, ಐಡಲ್ ನಡುಗುತ್ತದೆ. ಜನ ಪ್ಲಗ್ಗು, ಕಾಯಿಲು ಬದಲಿಸುತ್ತಾರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಟೈಮಿಂಗ್ ಲೈಟ್ ಹಿಡಿದರೆ ಗುರುತು 10 ಡಿಗ್ರಿಯಲ್ಲೇ ನಿಂತಿರಬಹುದು. ಏಕೆಂದರೆ ಗುರುತಿರುವ ಪುಲ್ಲಿ ಮತ್ತು ಕ್ಯಾಮ್ (ವಾಲ್ವ್ ತೆರೆಯುವ ದಂಡ) ಓಡಿಸುವ ಗಿಯರ್ ಒಂದೇ ಕೀಯ ಮೇಲಿವೆ, ಎರಡೂ ಜೊತೆಯಾಗಿ ಕ್ರ್ಯಾಂಕಿಗಿಂತ ಹಿಂದೆ ಬಿದ್ದಿರುತ್ತವೆ. ನಿಜ ತಿಳಿಯಲು ಪಿಸ್ಟನ್ನನ್ನು ಮೇಲೇರದಂತೆ ತಡೆಯುವ ಪಿಸ್ಟನ್ ಸ್ಟಾಪ್ ಬೇಕು. ಎಲ್ಲ ಪ್ಲಗ್ ತೆಗೆದು, ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಸ್ಟಾಪ್ ಹಾಕಿ. ಕೈಯಿಂದ ಮೆಲ್ಲಗೆ ಒಂದು ದಿಕ್ಕಿಗೆ ತಿರುಗಿಸಿ ತಾಗಿದಲ್ಲಿ ಪುಲ್ಲಿಯ ಮೇಲೆ ಗೆರೆ ಎಳೆಯಿರಿ, ಇನ್ನೊಂದು ದಿಕ್ಕಿಗೂ ಹಾಗೆಯೇ. ಎರಡು ಗೆರೆಗಳ ನಟ್ಟನಡುವೆ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ಅತಿ ಮೇಲೆ ಬರುವ ಬಿಂದು. ಪುಲ್ಲಿಯ ಗುರುತು ಅದಕ್ಕೆ ಹೊಂದದಿದ್ದರೆ ತೋಡು ಸವೆದಿದೆ.

ಇನ್ನು 660ರ ವಿಷಯ. ಗಾಳಿ ಸಿಗದ, ಲೋಹ ತಾಗುವ ಜಾಗದಲ್ಲಿ ಗಟ್ಟಿಯಾಗುವ ಜಾತಿ ಇದು. 0.5 ಮಿಲಿಮೀಟರ್‌ವರೆಗಿನ ಸಂದು ತುಂಬುತ್ತದೆ, 150 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಕ್ರ್ಯಾಂಕಿನ ಮೂಗಿಗೆ ಅಷ್ಟು ಧಾರಾಳ. ಇದರ ಸೋದರ 638 ಇನ್ನೂ ಬಲವಾಗಿ ಹಿಡಿಯುತ್ತದೆ, ಆದರೆ ಹಸಿರು ದ್ರವ, 0.25 ಮಿಲಿಮೀಟರಿಗಿಂತ ಹೆಚ್ಚಿನ ಸಂದಿಗೆ ಆಗದು. ಸವೆದ ತೋಡಿನಲ್ಲಿ ಹರಿದು ಹೋಗದೆ ನಿಲ್ಲುವ 660ಯೇ ಸರಿಯಾದ ಆಯ್ಕೆ. ಒಂದು ಕೆಲಸಕ್ಕೆ ಒಂದೆರಡು ಮಿಲಿಲೀಟರ್ ಸಾಕು. 50 ಮಿಲಿಲೀಟರ್ ಟ್ಯೂಬ್ ಕೊಂಡರೆ ಬಹುಪಾಲು ಉಳಿದು ಹಳತಾಗುತ್ತದೆ, 6 ಮಿಲಿಲೀಟರಿನದೇ ಜಾಣತನ.

ಕೀಯ ವಿಷಯದಲ್ಲಿ ರಾಜಿ ಬೇಡ. ಕಂಪನಿಯ ಅಸಲಿ ಕೀ ತರಿಸಿ. ಗಟ್ಟಿಮುಟ್ಟಾಗಲಿ ಎಂದು ಡ್ರಿಲ್ ಬಿಟ್ಟಿನ ಉಕ್ಕಿನಿಂದ ಅರೆದು ಮಾಡಿದ ಕೀ ಹಾಕುವುದು ದೊಡ್ಡ ತಪ್ಪು. ಕೀ ಕ್ರ್ಯಾಂಕಿಗಿಂತ ಮೆದುವಾಗಿರಬೇಕು, ಮುರಿಯುವುದಿದ್ದರೆ ಅದೇ ಮುರಿಯಲಿ. ಎತ್ತರ ಹೆಚ್ಚಾದ ಕೀಯೂ ಬೇಡ: ಹಬ್ಬಿನ (ಪುಲ್ಲಿಯ ನಡುಭಾಗದ) ತೋಡಿನ ತಲೆಗೆ ತಾಗಿ ಹಬ್ಬನ್ನು ಓರೆಯಾಗಿ ಎತ್ತುತ್ತದೆ, ಆಮೇಲೆ ಬೋಲ್ಟ್ ಎಷ್ಟು ಬಿಗಿದರೂ ಮುಖ ಕೂರುವುದಿಲ್ಲ.

ಮುರಿದ ತುಂಡನ್ನು ತೆಗೆಯಲು ಹಿತ್ತಾಳೆಯ ಪಂಚ್ ಇರಲಿ. ಅರ್ಧಚಂದ್ರಾಕಾರದ ಕೀ ಆದರೆ ಒಂದು ತುದಿಗೆ ತಟ್ಟಿ, ಇನ್ನೊಂದು ತುದಿ ತಾನೇ ಮೇಲೇಳುತ್ತದೆ. ತೋಡಿನ ಅಂಚಿನಲ್ಲಿ ಎದ್ದ ಮುಳ್ಳನ್ನು ನಯವಾದ ಚಪ್ಪಟೆ ಅರದಿಂದ ಸವರಿ, ಗೋಡೆಯನ್ನು ಮಾತ್ರ ಮುಟ್ಟಬೇಡಿ. ಮುಂಭಾಗದ ಆಯಿಲ್ ಸೀಲ್ ಈಗಲೇ ಬದಲಿಸಿ. ಮುಂದೆ ಈ ಜೋಡಣೆ ಬಿಡಿಸಲು ಸುಮಾರು 250 ಡಿಗ್ರಿಗೆ ಕಾಯಿಸಬೇಕಾಗುತ್ತದೆ, ಆಗ ಸೀಲ್ ಸುಟ್ಟು ಹೋಗುತ್ತದೆ. ನಂತರ ಅಸಿಟೋನಿನಿಂದ ತೋಡು, ಮೂಗು, ಹಬ್ಬಿನ ಒಳಭಾಗ, ಕೀ ಎಲ್ಲವನ್ನೂ ಬಿಳಿ ಬಟ್ಟೆಗೆ ಕಪ್ಪು ಹತ್ತದಷ್ಟು ಒರೆಸಿ. ಈ ರಿಪೇರಿ ಸೋಲುವುದು ಹೆಚ್ಚಾಗಿ ಇಲ್ಲೇ. ಎಣ್ಣೆಯ ಪಸೆ ಉಳಿದರೆ ಪೇಸ್ಟ್ ಗಟ್ಟಿಯಾದರೂ ಲೋಹಕ್ಕೆ ಅಂಟುವುದಿಲ್ಲ.

ಮೊದಲು ಪೇಸ್ಟಿಲ್ಲದೆ ಪೂರ್ತಿ ಜೋಡಿಸಿ ನೋಡಿ. ಬೋಲ್ಟ್ ತೂತಿನ ತಳಕ್ಕೆ ಮುಟ್ಟುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ವಾಷರ್ ತೆಳುವಾಗಿದ್ದರೆ ಅಥವಾ ಕಾಣೆಯಾಗಿದ್ದರೆ ಟಾರ್ಕ್ ರೆಂಚ್ ಟಕ್ ಎನ್ನುತ್ತದೆ, ಆದರೆ ಪುಲ್ಲಿಯ ಮೇಲೆ ಒತ್ತಡ ಸೊನ್ನೆ. ಆಮೇಲೆ ಬಿಚ್ಚಿ, ತೋಡಿಗೆ ಪೇಸ್ಟ್ ತುಂಬಿ ಕೀ ಕೂರಿಸಿ, ಸವೆಯದ ಗೋಡೆಗೆ ಒತ್ತಿ ಹಿಡಿಯಿರಿ. ಮುಂದಿನಿಂದ ನೋಡಿದಾಗ ಪ್ರದಕ್ಷಿಣವಾಗಿ ತಿರುಗುವ ಇಂಜಿನ್ನಿನಲ್ಲಿ ಸಾಮಾನ್ಯವಾಗಿ ತಿರುಗುವ ದಿಕ್ಕಿನ ಮುಂದಿನ ಗೋಡೆ ಉಳಿದಿರುತ್ತದೆ, ಹಿಂದಿನದು ಸವೆದಿರುತ್ತದೆ. ಸಂದು ಹೆಚ್ಚಿದ್ದರೆ ಸವೆದ ಕಡೆ ತೆಳುವಾದ ಉಕ್ಕಿನ ತಗಡು (ಶಿಮ್) ಸೇರಿಸಿ. ಮೂಗಿನ ಮೇಲೂ ತೆಳುವಾಗಿ ಸವರಿ, ಸೀಲಿನ ತುಟಿಗೂ ಬೋಲ್ಟಿನ ತೂತಿಗೂ ಹೋಗದಂತೆ ನೋಡಿಕೊಳ್ಳಿ. ಹತ್ತು ನಿಮಿಷದೊಳಗೆ ಬೋಲ್ಟ್ ಬಿಗಿದು ಮುಗಿಸಬೇಕು, ಅರ್ಧ ಹಿಡಿದ ಮೇಲೆ ಅಲುಗಾಡಿಸಿದರೆ ಅಂಟು ಒಡೆಯುತ್ತದೆ.

ಬೋಲ್ಟ್ ಹೊಸದೇ ಇರಲಿ. ಗಿಡ್ಡ ಮೂಗಿಗೆ 108ರಿಂದ 118 ನ್ಯೂಟನ್ ಮೀಟರ್, ಉದ್ದ ಮೂಗಿಗೆ 157ರಿಂದ 167. ಉದ್ದದ ಲೆಕ್ಕವನ್ನು ಗಿಡ್ಡಕ್ಕೆ ಹಾಕಬೇಡಿ. ಬೇರೆ ಕಾರಿಗೆ ಅದರದೇ ಮ್ಯಾನುಯಲ್ಲಿನ ಅಂಕಿ. ಕ್ರ್ಯಾಂಕ್ ತಿರುಗದಂತೆ ಐದನೇ ಗಿಯರಿನಲ್ಲಿಟ್ಟು ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಅಥವಾ ಫ್ಲೈವೀಲ್ ಲಾಕ್ ಬಳಸಿ. ಸ್ಟಾರ್ಟರಿನಿಂದ ಎಳೆಸಿ ಬೋಲ್ಟ್ ಬಿಚ್ಚುವ ಅಡ್ಡದಾರಿ ಬೇಡ, ಅಳಿದುಳಿದ ಗೋಡೆಗೂ ಅದೇ ಪೆಟ್ಟು.

24 ಗಂಟೆ ಮುಟ್ಟದೆ ಬಿಡಿ. ಚಳಿಯಿದ್ದರೆ ಇನ್ನೂ ತಡವಾಗುತ್ತದೆ, ಪೇಸ್ಟ್ ಬೇಗ ಹಿಡಿಯುವಂತೆ ಮಾಡುವ ಆಕ್ಟಿವೇಟರನ್ನು ಜೋಡಿಸುವ ಮೊದಲೇ ಸಿಂಪಡಿಸಿದರೆ ಅಥವಾ ಆಮೇಲೆ ದೀಪದ ಶಾಖ ಕೊಟ್ಟರೆ ಒಳ್ಳೆಯದು. ಆಮೇಲೆ ಪಿಸ್ಟನ್ ಸ್ಟಾಪ್ ಪರೀಕ್ಷೆ ಮತ್ತೊಮ್ಮೆ, ನಂತರ ಡಯಾಗ್ನಾಸಿಸ್ ಪೆಟ್ಟಿಗೆಯಲ್ಲಿ ಟೆನ್ (TEN) ಮತ್ತು ಗ್ರೌಂಡ್ (GND) ಎಂಬ ಎರಡು ತುದಿಗಳನ್ನು ಜೋಡಿಸಿ ಇಗ್ನಿಷನ್ ಟೈಮಿಂಗ್ 10 ಡಿಗ್ರಿಗೆ ಹೊಂದಿಸಿ.

ಎಲ್ಲಿ ಇದು ಆಗದು ಎಂಬುದನ್ನೂ ಹೇಳಲೇಬೇಕು. ತೋಡು ಹರಡಿ ಕೀ ಮಲಗುವಷ್ಟಾಗಿದ್ದರೆ, ಅಥವಾ ಮೂಗೇ ಸವೆದು ಹಬ್ಬು ಕೈಗೆ ಲೊಡಲೊಡ ಎನ್ನುತ್ತಿದ್ದರೆ, ಯಾವ ಟ್ಯೂಬೂ ಕಾಪಾಡದು. ಕ್ರ್ಯಾಂಕ್ ಬಿಚ್ಚಿ ವೆಲ್ಡಿಂಗ್ ತುಂಬಿ ಹೊಸ ತೋಡು ಕೊರೆಸಬೇಕು, ಇಲ್ಲವೇ ಬೇರೆ ಕ್ರ್ಯಾಂಕ್. ಕೀ ತೂಗಾಡಿದರೂ ಹಬ್ಬು ಮೂಗಿನ ಮೇಲೆ ಬಿಗಿಯಾಗಿ ಕೂರುತ್ತಿದ್ದರೆ ಮಾತ್ರ 660ಕ್ಕೆ ನನ್ನ ಪೂರ್ಣ ಒಪ್ಪಿಗೆ.

ಬೋಲ್ಟಿನ ತಲೆಯಿಂದ ಹಬ್ಬಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಡಿ. ಆಯಿಲ್ ಬದಲಿಸುವಾಗಲೆಲ್ಲ ಟಾರ್ಚ್ ಹಾಕಿ ಗೆರೆ ಮುರಿದಿದೆಯೇ ನೋಡಿ. ಮಿಯಾಟಾದಲ್ಲಿ ಹೊರಗಿನ ಪುಲ್ಲಿ ನಾಲ್ಕು ಸಣ್ಣ ಬೋಲ್ಟಿನಿಂದ ಬೇರೆಯಾಗಿ ಬರುತ್ತದೆ. ಹಾಗಾಗಿ ಮುಂದಿನ ಟೈಮಿಂಗ್ ಬೆಲ್ಟ್ ಹಾಕುವವರಿಗೆ ನಡುವಿನ ಬೋಲ್ಟನ್ನು ಮುಟ್ಟಬೇಡಿ ಎಂದು ಮೊದಲೇ ಹೇಳಿ, ಬೆಲ್ಟ್ ಕವರಿನ ಮೇಲೂ ಬರೆದಿಡಿ.