ಒಂದೇ ಫಿಲ್ಮ್, ಎರಡು ಗ್ರಾಫ್: ಪರ್ಮಿಟಿವಿಟಿಯೋ, ಮಾಡ್ಯುಲಸ್ಸೋ?

ಪಿಇಒ (ಪಾಲಿಎಥಿಲೀನ್ ಆಕ್ಸೈಡ್) ಪಾಲಿಮರ್‌ಗೆ ಲಿಥಿಯಂ ಪರ್ಕ್ಲೋರೇಟ್ ಉಪ್ಪು ಬೆರೆಸಿ, ಪೆಟ್ರಿ ತಟ್ಟೆಯಲ್ಲಿ ಒಣಗಿಸಿದ ತೆಳು ಫಿಲ್ಮ್. ಎರಡೂ ಮೈಗೆ ಸಿಲ್ವರ್ ಪೇಸ್ಟ್ ಬಳಿದು, ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಕೆಪಾಸಿಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರ್‌ಗೆ ಸಿಕ್ಕಿಸಿದೆ. 100 ಹರ್ಟ್ಸ್ ಹತ್ತಿರ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರದಲ್ಲಿ ವಸ್ತು ಎಷ್ಟು ಚಾರ್ಜ್ ಹಿಡಿದಿಡುತ್ತದೆ ಅನ್ನುವ ಅಳತೆ) ಹತ್ತು ಸಾವಿರ ದಾಟಿತ್ತು! ಏನೋ ದೊಡ್ಡದು ಸಿಕ್ಕಿತು ಅಂತ ಅವತ್ತು ರಾತ್ರಿ ನಿದ್ದೆಯೇ ಬರಲಿಲ್ಲ.

ಏನೂ ಸಿಕ್ಕಿರಲಿಲ್ಲ. ಅಯಾನುಗಳು ಓಡಿಬಂದು ಎಲೆಕ್ಟ್ರೋಡ್ ಬಾಗಿಲಲ್ಲಿ ಗುಂಪುಗಟ್ಟಿದ್ದವು, ಅಷ್ಟೆ. ಎರಡರಷ್ಟು ದಪ್ಪದ ಫಿಲ್ಮ್ ಇಟ್ಟು ನೋಡಿದೆ. ಅಂಕಿಯೂ ಹೆಚ್ಚುಕಮ್ಮಿ ಎರಡರಷ್ಟಾಯಿತು. ಪಾಲಿಮರ್‌ನ ಸ್ವಂತ ಗುಣವಾಗಿದ್ದರೆ ದಪ್ಪಕ್ಕೆ ತಕ್ಕಂತೆ ಕುಣಿಯಬಾರದು, ಅಲ್ವಾ?

ಅದೇ ಡೇಟಾವನ್ನು ಎಲೆಕ್ಟ್ರಿಕ್ ಮಾಡ್ಯುಲಸ್‌ಗೆ ತಿರುಗಿಸಿದೆ. ಇದು ಪರ್ಮಿಟಿವಿಟಿಯ ವಿಲೋಮ. 1972ರಲ್ಲಿ ಮ್ಯಾಸಿಡೊ, ಮೊಯ್ನಿಹಾನ್ ಮತ್ತು ಬೋಸ್ ಗಾಜಿನೊಳಗಿನ ಅಯಾನುಗಳಿಗೆ ಬಳಸಿದ ದಾರಿ. ಎಲೆಕ್ಟ್ರೋಡ್‌ನ ದೊಡ್ಡ ಅಂಕಿ ಛೇದಕ್ಕೆ ಹೋಗುತ್ತದೆ, ಆ ಗಲಾಟೆಯೆಲ್ಲ ಸೊನ್ನೆಗೆ ಇಳಿಯುತ್ತದೆ. ಪರ್ಮಿಟಿವಿಟಿ ಗ್ರಾಫ್‌ನಲ್ಲಿ ಸುಮ್ನೆ ಇಳಿಜಾರು ಕಂಡಲ್ಲಿ ಇಲ್ಲಿ ಒಂದು ಗುಡ್ಡ ಎದ್ದಿತು. ಗುಡ್ಡದ ಎಡಕ್ಕೆ, ಕಡಿಮೆ ಫ್ರೀಕ್ವೆನ್ಸಿಯಲ್ಲಿ, ಅಯಾನುಗಳು ದೂರದವರೆಗೆ ಜಿಗಿಯುತ್ತವೆ; ಬಲಕ್ಕೆ, ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ, ಇದ್ದಲ್ಲೇ ಅಲುಗಾಡುತ್ತವೆ.

ಹಾಗಂತ ಮಾಡ್ಯುಲಸ್ಸೇ ಗೆದ್ದಿತು ಅನ್ನಲಾರೆ. ಬಿಸಿ ಏರಿದಂತೆ ಗುಡ್ಡ ಬಲಕ್ಕೆ ಸರಿಯುತ್ತದೆ. ಪಿಇಒ ಹರಳುಗಳು ಕರಗುವ 65 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಅದು ನನ್ನ ಮೀಟರ್‌ನ 1 ಮೆಗಾಹರ್ಟ್ಸ್ ಗಡಿ ದಾಟಿ ಹೋಯಿತು, ಉಳಿದದ್ದು ಬರೀ ಬಾಲ.

ಉಪ್ಪಿಲ್ಲದ ಪಿಎಂಎಂಎ (ಅಕ್ರಿಲಿಕ್ ಪ್ಲಾಸ್ಟಿಕ್) ಫಿಲ್ಮ್‌ಗಾದರೆ ಕಣ್ಣುಮುಚ್ಚಿ ಪರ್ಮಿಟಿವಿಟಿ ಆರಿಸುತ್ತೇನೆ. ಓಡುವ ಅಯಾನುಗಳು ಕಡಿಮೆ, ಹಾಗಾಗಿ ಎಸ್ಟರ್ ಗುಂಪು ಕ್ಷೇತ್ರಕ್ಕೆ ಹೊಂದಿಕೊಳ್ಳಲು ತಿರುಗುವ ಬೀಟಾ ರಿಲ್ಯಾಕ್ಸೇಶನ್, ಶಕ್ತಿ ನಷ್ಟದ ಗ್ರಾಫ್‌ನಲ್ಲಿ ನೇರವಾಗಿ ಕಾಣುತ್ತದೆ. ಟ್ಯಾನ್ ಡೆಲ್ಟಾ (ನಷ್ಟವನ್ನು ಪರ್ಮಿಟಿವಿಟಿಯಿಂದ ಭಾಗಿಸಿದ ಅಂಕಿ) ಒಂದು ವಿಷಯಕ್ಕೆ ಒಳ್ಳೆಯದು: ದಪ್ಪ ಅಳೆಯುವಾಗ ಮಾಡಿದ ತಪ್ಪು ಅದರಲ್ಲಿ ವಜಾ ಆಗುತ್ತದೆ.

ಒಂದು ಎಚ್ಚರಿಕೆ. ಒಂದೇ ರಿಲ್ಯಾಕ್ಸೇಶನ್ ಆದರೂ, ಅದಕ್ಕೆ ಹಿಡಿಯುವ ಸಮಯ ಅಂತ ಮಾಡ್ಯುಲಸ್ ಕೊಡುವ ಅಂಕಿ ಪರ್ಮಿಟಿವಿಟಿ ಕೊಡುವುದಕ್ಕಿಂತ ಚಿಕ್ಕದು. ಇದು ಗೊತ್ತಿಲ್ಲದೆ ನಾನು ಒಂದು ಟೇಬಲ್‌ನಲ್ಲಿ ಅರ್ಧ ಸಾಲು ಇದರಿಂದ, ಅರ್ಧ ಅದರಿಂದ ತುಂಬಿದ್ದೆ. ಉಪ್ಪು ಜಾಸ್ತಿಯಾದಂತೆ ಸಮಯ ಹೇಗೆ ಕಡಿಮೆಯಾಗುತ್ತದೆ ಅಂತ ಎರಡು ಪುಟ ವಿವರಣೆ ಬೇರೆ ಬರೆದಿದ್ದೆ.